ನಾಲ್ಕು ಕಪ್ಪು ಚೌಕದಲ್ಲಿ ‘ಮುಳುಗಡೆ’ ಹೇಳುವುದು ಹೇಗೆ?

‘ಒಗ್ಗಟ್ಟು’ ಅಂತ ಒಂದು ಪೋಸ್ಟರ್ ಮಾಡಿಕೊಡಿ ಎಂದು ಕೇಳಿದರೆ ಕೈ ಮೊದಲು ಎಲ್ಲಿಗೆ ಹೋಗುತ್ತದೆ? ಒಂದರ ಮೇಲೊಂದು ಇಟ್ಟ ಕೈಗಳ ಫೋಟೊಗೆ. ‘ಬೆಳವಣಿಗೆ’ ಅಂದರೆ ಅಂಗೈಯಲ್ಲಿ ಒಂದು ಸಸಿ. ಇವನ್ನು ನೋಡಿ ನೋಡಿ ನಮ್ಮ ಕಣ್ಣಿಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ಅಂಥ ಫ್ಲೆಕ್ಸ್ ಮುಂದೆ ಯಾರೂ ನಿಲ್ಲುವುದಿಲ್ಲ. ಅದಕ್ಕೇ ವಿನ್ಯಾಸ ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲ ವಾರ ಕಂಪ್ಯೂಟರ್ ಕೊಡುವುದಿಲ್ಲ. ಕತ್ತರಿ ಕೊಡುತ್ತೇನೆ.

ಬೇಕಾದದ್ದು ಇಷ್ಟೇ. 12 ಸೆಂ.ಮೀ. ಚೌಕದ ಒಂದು ಬಿಳಿ ಹಾಳೆ. ಕಪ್ಪು ಕಾಗದದಲ್ಲಿ ಕತ್ತರಿಸಿದ 2 ಸೆಂ.ಮೀ.ನ ನಾಲ್ಕು ಚೌಕಗಳು. ಅಂಟು ಈಗಲೇ ಬೇಡ. ಮನೆ, ಮರ, ಮನುಷ್ಯ ಯಾವುದನ್ನೂ ಬರೆಯುವ ಹಾಗಿಲ್ಲ. ಚೌಕಗಳನ್ನು ಇಡುವ ರೀತಿಯಲ್ಲೇ ಒಂದು ಪದದ ಅರ್ಥ ಹೇಳಬೇಕು. ಇದು ವಿನ್ಯಾಸ ಶಾಲೆಗಳಲ್ಲಿ ತುಂಬ ಕಾಲದಿಂದ ನಡೆದುಬಂದಿರುವ ಪಾಠ.

ಮೊದಲು ಸುಮ್ನೆ ಸರಿಸಿ ನೋಡಿ

ನಾಲ್ಕನ್ನೂ ಒಂದಕ್ಕೊಂದು ತಾಗಿಸಿ ಮಧ್ಯದಲ್ಲಿಡಿ. ಒಗ್ಗಟ್ಟು ಬಂತಾ? ಇಲ್ಲ. ಅದು ಒಂದು ದೊಡ್ಡ ಚೌಕವಾಯಿತು, ನಾಲ್ಕು ಜನ ಕಾಣೆಯಾದರು. ಈಗ ನಡುವೆ ಒಂದು ಮಿಲಿಮೀಟರ್ ಸಂದು ಬಿಡಿ. ನಾಲ್ಕೂ ಇವೆ, ಒಂದಾಗಿಯೂ ಇವೆ. ಒಗ್ಗಟ್ಟು ಇರುವುದು ಆ ಒಂದು ಮಿಲಿಮೀಟರ್ ಬಿಳಿಯಲ್ಲಿ! ಸಂದು ಎರಡು ಸೆಂ.ಮೀ. ಆದರೆ ಅವು ಬರೀ ನೆರೆಹೊರೆ. ಒಂದನ್ನು ಮಾತ್ರ ಮೂಲೆಗೆ ತಳ್ಳಿದರೆ ಅದು ಒಂಟಿ.

ಹತ್ತಿರ ಇರುವುದನ್ನು ಕಣ್ಣು ಒಂದು ಗುಂಪು ಅಂತ ಎಣಿಸುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ದೈಮರ್ 1923ರಲ್ಲಿ ಇದನ್ನು ಚುಕ್ಕೆಗಳನ್ನಿಟ್ಟು ವಿವರಿಸಿದ್ದರು. ನಮಗೆ ಅಡಿಕೆ ತೋಟ ಸಾಕು. ಸುಮಾರು ಒಂಬತ್ತು ಅಡಿ ಅಂತರಕ್ಕೆ ಗಿಡ ನೆಟ್ಟ ತೋಟದಲ್ಲಿ ನಿಂತರೆ ಮರಗಳು ಬಿಡಿಯಾಗಿ ಕಾಣುವುದಿಲ್ಲ, ಸಾಲು ಕಾಣುತ್ತದೆ. ಎರಡು ಮರ ಬಿದ್ದರೆ ಕಣ್ಣು ನೇರ ಆ ಖಾಲಿ ಜಾಗಕ್ಕೇ ಹೋಗುತ್ತದೆ, ಅಲ್ವಾ?

ಈಗ ಒಂದು ಪದ ಆರಿಸಿ

ನಿಮ್ಮ ಊರು ನಿಜಕ್ಕೂ ಬಳಸುವ ಪದ ಇರಲಿ. ನಾನು ಕೊಡುವುದು ‘ಮುಳುಗಡೆ’. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರಿನಲ್ಲಿ ಊರೂರೇ ಹೋದವು. ಸಾಗರ, ಹೊಸನಗರದ ಕಡೆ ಈ ಪದ ಇನ್ನೂ ಒದ್ದೆಯಾಗಿಯೇ ಇದೆ. ಅದರಲ್ಲಿ ನೀರು ಮಾತ್ರ ಇಲ್ಲ, ಬಿಟ್ಟು ಹೋಗುವುದೂ ಇದೆ. ಕೆಲಸಕ್ಕೆ ಮೊದಲು ಹೀಗೆ ಪದದ ಒಳಗೆ ಏನು ನಡೆಯುತ್ತಿದೆ ಅಂತ ಕ್ರಿಯಾಪದದಲ್ಲಿ ಬರೆದುಕೊಳ್ಳಿ: ಇಳಿಯುವುದು, ಕಾಣದಾಗುವುದು, ಹೊರಡುವುದು. ಚೌಕಗಳು ಮಾಡಬೇಕಾದದ್ದು ಈ ಮೂರು ಕೆಲಸ.

ಮೊದಲ ಪ್ರಯತ್ನ: ನಾಲ್ಕನ್ನೂ ಹಾಳೆಯ ತಳದಲ್ಲಿ ಸಾಲಾಗಿ ಇಟ್ಟೆವು. ನೆಲದ ಮೇಲೆ ಕೂತ ಮನೆಗಳ ಬೀದಿಯಾಯಿತು. ತುಂಬ ನೆಮ್ಮದಿಯ ಚಿತ್ರ.

ಎರಡನೆಯದು: ಹಾಳೆಯ ಕೆಳ ಅಂಚಿನಿಂದ ಅರ್ಧರ್ಧ ಹೊರಗೆ ಬರುವಂತೆ ಸರಿಸಿ, ಮಿಕ್ಕದ್ದನ್ನು ಕತ್ತರಿಸಿದೆವು. ಅಂಚು ಈಗ ನೀರಿನ ಮಟ್ಟವಾಯಿತು. ಆದರೆ ನಾಲ್ಕೂ ಒಂದೇ ಎತ್ತರದಲ್ಲಿ ಇದ್ದುದರಿಂದ ಅವು ಮುಳುಗುತ್ತಿವೆಯೋ ಏಳುತ್ತಿವೆಯೋ ಗೊತ್ತಾಗಲಿಲ್ಲ.

ಮೂರನೆಯದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ಎಡದ ಚೌಕ ಮುಕ್ಕಾಲು ಕಾಣುತ್ತದೆ, ಎರಡನೆಯದು ಅರ್ಧ, ಮೂರನೆಯದು ಬರೀ ಎರಡು ಮಿಲಿಮೀಟರಿನ ಒಂದು ಪಟ್ಟಿ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ. ಹಾಗಾಗಿ ಇದು ಇಳಿತ. ಇದನ್ನೇ ಹಿಂದುಮುಂದು ಮಾಡಿದರೆ ಏರಿಕೆಯಾಗುತ್ತದೆ. ನಾಲ್ಕನೆಯ ಚೌಕವನ್ನು ಮೇಲೆ, ಬಲ ಅಂಚಿಗೆ ಒಯ್ದು ಸ್ವಲ್ಪ ವಾಲಿಸಿದೆವು. ನೆಟ್ಟಗಿದ್ದಾಗ ಅದು ಕಿಟಕಿಯಂತೆ ಸುಮ್ಮನೆ ಇತ್ತು. ಹದಿನೈದು ಡಿಗ್ರಿ ವಾಲಿದ ಕೂಡಲೇ ಹೊರಟು ನಿಂತಿತು. ಮಧ್ಯದ ಬಿಳಿ ಜಾಗ ಪೂರ್ತಿ ಖಾಲಿ. ಅದನ್ನು ತುಂಬಬೇಡಿ. ಈ ಚಿತ್ರದ ಜೀವ ಇರುವುದೇ ಅಲ್ಲಿ.

ಬೇರೆ ಆಕಾರಗಳು

ಚೌಕ ಕೈಗೆ ಬಂದ ಮೇಲೆ ವೃತ್ತ, ತ್ರಿಕೋನ ತೆಗೆದುಕೊಳ್ಳಿ. ತ್ರಿಕೋನದ ಚೂಪು ಎಚ್ಚರಿಸುತ್ತದೆ. ಆಗುಂಬೆ ಘಾಟಿಯ ತಿರುವಿಗೆ ಮುಂಚೆ ಬರುವ ಫಲಕ ಕೆಂಪು ಅಂಚಿನ ತ್ರಿಕೋನವೇ. ದುಂಡನೆಯದು ಮೆತ್ತಗೆ ಅನಿಸುತ್ತದೆ. ‘ಬೂಬಾ’, ‘ಕಿಕಿ’ ಎಂಬ ಅರ್ಥವಿಲ್ಲದ ಎರಡು ಪದ ಕೊಟ್ಟು, ಚೂಪಾದ ಆಕಾರ ಯಾವುದು ಎಂದು ಕೇಳಿದಾಗ ಹೆಚ್ಚಿನವರು ಕಿಕಿ ಅಂದರು ಎಂದು ಮಿದುಳು ವಿಜ್ಞಾನಿಗಳಾದ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬಾರ್ಡ್ 2001ರಲ್ಲಿ ಬರೆದಿದ್ದರು. ಆದರೆ ಆಕಾರದ ಅರ್ಥ ಬಾಯಿಪಾಠ ಮಾಡಬೇಡಿ. ದುಂಡನೆಯ ಬಂಡೆಯೂ ಗುಡ್ಡದ ತುದಿಯಲ್ಲಿ ಇದ್ದರೆ ಹೆದರಿಸುತ್ತದೆ. ಎಲ್ಲಿದೆ, ಪಕ್ಕದಲ್ಲಿ ಏನಿದೆ ಅನ್ನುವುದೇ ಮುಖ್ಯ.

ಬಣ್ಣ ಕೊನೆಗೆ, ಅದೂ ಒಂದೋ ಎರಡೋ. ಈ ವಿಷಯದಲ್ಲಿ ನಮಗೆ ದೊಡ್ಡ ಗುರುಗಳು ಮನೆಯ ಹತ್ತಿರವೇ ಇದ್ದಾರೆ: ಸಾಗರ, ಸೊರಬದ ಕಡೆ ಹಸೆ ಚಿತ್ತಾರ ಎಂಬ ಗೋಡೆ ಚಿತ್ರ ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಎಳೆಯ ಪಕ್ಕ ಎಳೆ, ನಡುವೆ ಅಷ್ಟೇ ಸಂದು. ಮದುವೆ ಮನೆಯ ಗೋಡೆಯ ಮೇಲೆ ಚೌಕಟ್ಟಿನೊಳಗೆ ನಿಂತ ಗೆರೆಗಳನ್ನು ಮನೆಯವರು ಮದುವೆ ಅಂತಲೇ ಓದುತ್ತಾರೆ. ಒಂದು ಚಿತ್ತಾರದ ಮುಂದೆ ಅರ್ಧ ಗಂಟೆ ಕೂತು ಸಂದುಗಳನ್ನು ಮಾತ್ರ ನೋಡಿ. ಎಷ್ಟೋ ಪಾಠಗಳು ಅಲ್ಲೇ ಸಿಗುತ್ತವೆ.

ಅಂಟಿಸುವ ಮುಂಚೆ

ಮೂರು ಜನರಿಗೆ ತೋರಿಸಿ. ಹೆಸರು ಹೇಳಬೇಡಿ, ‘ಇದು ಮುಳುಗಡೆ ತರಹ ಕಾಣುತ್ತಾ?’ ಅಂತಲೂ ಕೇಳಬೇಡಿ. ‘ಇಲ್ಲಿ ಏನಾಗ್ತಾ ಇದೆ?’ ಎಂದಷ್ಟೇ ಕೇಳಿ. ಬಂದ ಪದಗಳನ್ನು ಹಾಳೆಯ ಹಿಂದೆ ಬರೆದಿಡಿ. ಮೂವರೂ ನಿಮ್ಮ ಪದವನ್ನೇ ಹೇಳಬೇಕಿಲ್ಲ. ಹತ್ತಿರದ ಪದ ಬಂದರೂ ಸಾಕು. ನಮ್ಮ ಹಾಳೆಯನ್ನು ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆವು. ಅವರು ಮೇಲಿನ ವಾಲಿದ ಚೌಕದ ಮೇಲೆ ಬೆರಳಿಟ್ಟು, ‘ಇದೊಂದು ಹೋಯ್ತು, ಅಲ್ದಾ? ತಿರುಗಿ ನೋಡ್ತಾ ಉಂಟು’ ಅಂದರು. ಆಮೇಲೆ ಅಂಟು ಹಾಕಿದೆವು.