ಬಾಗಿಲಲ್ಲಿ ಮೆರೂನ್, ಅಂಗಡಿಯಲ್ಲಿ ಕಾಫಿ ಪುಡಿ

ದೊಡ್ಡಬಳ್ಳಾಪುರದಲ್ಲಿ ರೇಷ್ಮೆಗೆ ಬಣ್ಣ ಹಾಕುತ್ತಾ ಮೂವತ್ತು ವರ್ಷ ಆಯಿತು. ಅಷ್ಟಾದರೂ ಒಂದು ಮೆರೂನ್ ನನ್ನ ಮರ್ಯಾದೆ ತೆಗೆಯಿತು. ಸೆರಗಿನ ನೂಲು ಬೇರೆಯವರು ಹಾಕಿದ್ದು, ಒಡಲಿನದು ನಾನು. ಬಾಗಿಲ ಬೆಳಕಿಗೆ ಹಿಡಿದರೆ ಎರಡೂ ಒಂದೇ ತಾಯಿ ಮಕ್ಕಳು. ಬೆಂಗಳೂರಿನ ಅಂಗಡಿಯ ಎಲ್‌ಇಡಿ ಕೆಳಗೆ ಸೆರಗು ಮೆರೂನ್, ಒಡಲು ಕಾಫಿ ಪುಡಿ! ಹನ್ನೆರಡು ಸೀರೆ ವಾಪಸ್. ನೂಲು, ಕೂಲಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು.

ಅಂಗಡಿಯಲ್ಲಿದ್ದಂಥದೇ ಬಲ್ಬ್ ತಂದು ಅದರಡಿಯಲ್ಲೇ ಹೊಂದಿಸಿದೆ. ಈಗ ಬಿಸಿಲಲ್ಲಿ ಕೈಕೊಟ್ಟಿತು. ಆಮೇಲೆ ದೀಪ ಇಟ್ಟು ನೂಲು ನೋಡಲು ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಒಳಗೆ ಉಳಿದಿದ್ದ ಹಸಿರು ಪೇಂಟ್ ಬಳಿದದ್ದು ನನ್ನ ಜಿಪುಣತನ. ಗೋಡೆಯ ಹಸಿರು ನೂಲಿನ ಮೇಲೆ ಬಿದ್ದು ನಾಲ್ಕು ಲಡಿ ಹಾಳು. ‘ನಮ್ಮಪ್ಪ ಬಿಸಿಲಲ್ಲೇ ನೋಡುತ್ತಿದ್ದ, ನಿನಗ್ಯಾಕೋ ಪೆಟ್ಟಿಗೆ?’ ಅಂತ ಅಣ್ಣ ನಕ್ಕ.

ಬೂದು ಬಳಿದ ಮೇಲೆ ದಾರಿ ಸಿಕ್ಕಿತು. ಒಳಗೆ ಮೂರು ದೀಪ: ಹಗಲ ಬೆಳಕಿನಂಥ 6500 ಕೆಲ್ವಿನ್‌ನ ಒಳ್ಳೆ ಟ್ಯೂಬ್, ಹಳೇ ತಂತಿ ಬಲ್ಬ್, ಒಂದು ಅಗ್ಗದ ಎಲ್‌ಇಡಿ. ಒಟ್ಟು ಖರ್ಚು ಎರಡೂವರೆ ಸಾವಿರ ಇರಬಹುದು. ಟ್ಯೂಬ್ ಕೊಳ್ಳುವಾಗ ಸಿಆರ್‌ಐ (ದೀಪದಡಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕಿ) 80 ಅಂದರೆ ಮೋಸಹೋಗಬೇಡಿ. ಆ ಅಂಕಿ ಎಂಟು ತೆಳು ಬಣ್ಣಗಳ ಸರಾಸರಿ, ಕಡುಗೆಂಪು ಅದರ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಆರ್‌9 ಅಂತ ಬೇರೆ ಅಂಕಿ ಇದೆ, ಅದನ್ನೇ ಕೇಳಿ. ಹಳೇ ಡಿವಿಡಿಯಲ್ಲಿ ದೀಪದ ಪ್ರತಿಬಿಂಬ ನೋಡಿದರೂ ಗೊತ್ತಾಗುತ್ತದೆ: ತಂತಿ ಬಲ್ಬಿನ ಪಟ್ಟಿ ಎಲ್ಲೂ ಕಡಿಯದೆ ಕೆಂಪಿಗೆ ಸಾಗುತ್ತದೆ, ಅಗ್ಗದ ಎಲ್‌ಇಡಿಯಲ್ಲಿ ನೀಲಿ ಜೋರು, ಆಮೇಲೆ ಒಂದು ಮಬ್ಬು, ಕಡುಗೆಂಪು ಸೊರಗಿರುತ್ತದೆ. ಇದನ್ನು ನೋಡುತ್ತಾ ಒಂದು ಭಾನುವಾರ ಪೂರ್ತಿ ಕಳೆದೆ. ಮಾರನೇ ವಾರ ಗೋಡೆಗೆ ಒಂದು ಕೆಂಪು, ಒಂದು ಹಸಿರು ಬಲ್ಬಿನ ಬೆಳಕು ಒಟ್ಟಿಗೆ ಬಿಟ್ಟು ಹಳದಿ ಮಾಡಿದೆ. ಕೆಂಪು ದೀಪಕ್ಕೆ ಕೈ ಅಡ್ಡ ಹಿಡಿದರೆ ನೆರಳು ಹಸಿರು! ಹೆಂಡತಿ ದೀಪದ ಖರ್ಚು ಕೇಳಿದಳು.

ಕಣ್ಣಿಗೆ ಬೇಕಿರುವುದು ಕೆಂಪು, ಹಸಿರು, ನೀಲಿ ಅಂತ ಮೂರೇ ಲೆಕ್ಕ, ಅದು ಸರಿಹೋದರೆ ಬೇರೆ ಬೇರೆ ಪುಡಿ ಹಾಕಿದ ಎರಡು ನೂಲೂ ಒಂದೇ ಅನ್ನಿಸುತ್ತವೆ. ದೀಪ ಬದಲಾದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಈಗ ಮಾದರಿ ತುಂಡನ್ನು ಮೂರೂ ದೀಪದಡಿ ನೋಡಿ, ಅದಕ್ಕೆ ಬಣ್ಣ ಹಾಕಿದವರು ಯಾವ ಪುಡಿ ಹಾಕಿರಬಹುದು ಅಂತ ಮೊದಲು ಊಹಿಸುತ್ತೇನೆ. ಮೆರೂನಿಗೆ ಮೂರು ಪುಡಿ ಬಿಟ್ಟು ಎರಡಕ್ಕೆ ಇಳಿದೆ. ಯಾವ ಎರಡು ಅಂತ ಕೇಳಬೇಡಿ, ಹೊಟ್ಟೆಪಾಡು.

ಸಾಲಾಗಿ ಹತ್ತು ಕೆಂಪು ಲಡಿ ನೋಡಿದರೆ ಹನ್ನೊಂದನೆಯದು ಮಂಕಾಗಿ ಕಾಣುತ್ತದೆ. ನಡುವೆ ಒಂದು ನಿಮಿಷ ಬೂದು ಗೋಡೆ ನೋಡುತ್ತೇನೆ. ನೀಲಿಯ ಕಡೇ ಮಾತು ಮಗನದು. ವಯಸ್ಸಾದ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನನಗೆ ಐವತ್ತೆಂಟು.

ಆಮೇಲೆ ಮೆರೂನ್ ಒಂದೂ ವಾಪಸ್ ಬಂದಿಲ್ಲ. ಅಣ್ಣನೂ ಲಡಿ ಕಳಿಸುತ್ತಾನೆ, ‘ಸುಮ್ಮನೆ ನೋಡು’ ಅಂತ. ನೇರಳೆ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಟ್ಯೂಬಿನಡಿ ಒಪ್ಪಿದ್ದು ತಂತಿ ಬಲ್ಬಿನಡಿ ಬದನೆಕಾಯಿ.