ಹಳದಿ ಥ್ರಿಪ್ಸ್: ಯಾವುದು ಪಾಮಿ, ಯಾವುದು ಟಬಾಸಿ?

ಕೋಲಾರದ ಟೊಮೆಟೊ ತೋಟದಲ್ಲಾಗಲಿ ಚಿಕ್ಕಬಳ್ಳಾಪುರದ ಪಾಲಿಹೌಸ್ ಕ್ಯಾಪ್ಸಿಕಂನಲ್ಲಾಗಲಿ, ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ಒಂದು ಮಿಲಿಮೀಟರ್ ಆಸುಪಾಸಿನ ಹಳದಿ ಹುಳುಗಳು ಓಡಾಡುತ್ತವೆ. ರೈತರ ಬಾಯಲ್ಲಿ ಎಲ್ಲವೂ ಥ್ರಿಪ್ಸ್. ಆದರೆ ಟೊಮೆಟೊ ಕುಡಿ ಒಣಗಿಸುವ ವೈರಸ್ಸನ್ನು ಮುಖ್ಯವಾಗಿ ಹರಡುವುದು ಥ್ರಿಪ್ಸ್ ಪಾಮಿ. ಈರುಳ್ಳಿಯ ಥ್ರಿಪ್ಸ್ ಟಬಾಸಿ ಹೊರುವುದು ಬೇರೆಯದೇ ವೈರಸ್. ಮೈಬಣ್ಣ ನೋಡಿ ಇವನ್ನು ಬೇರ್ಪಡಿಸಲು ಹೋಗಬೇಡಿ.

ಮೊದಲು ತೇವದ ಸಣ್ಣ ಬ್ರಷ್‌ನಿಂದ ಹುಳುಗಳನ್ನೆತ್ತಿ ಆಲ್ಕೋಹಾಲ್ ಇರುವ ಪುಟ್ಟ ಸೀಸೆಗೆ ಹಾಕಿ. ಊರು, ಬೆಳೆ, ದಿನಾಂಕದ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಕರಗಿಹೋಗುತ್ತದೆ. ರೆಕ್ಕೆ ಬಲಿತ ಹೆಣ್ಣುಗಳೇ ಬೇಕು. ಮರಿಗಳ ಗೊಡವೆ ಬೇಡ.

ತಲೆಯ ಮೇಲೆ ದೊಡ್ಡ ಕಣ್ಣುಗಳ ನಡುವೆ ತ್ರಿಕೋನವಾಗಿ ಮೂರು ಪುಟ್ಟ ಕಣ್ಣುಗಳಿರುತ್ತವೆ. ಅವು ಪಾಮಿಯಲ್ಲಿ ಕೆಂಪು, ಟಬಾಸಿಯಲ್ಲಿ ಬೂದು. ಇದನ್ನು ಈಗಲೇ ನೋಡಿಕೊಳ್ಳಿ. ಮುಂದಿನ ಹಂತದಲ್ಲಿ ಹುಳುವನ್ನು ತೆಳು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಒಳಗಿನದನ್ನೆಲ್ಲ ಕರಗಿಸಬೇಕು, ಆಗ ಬಣ್ಣವೂ ಹೋಗುತ್ತದೆ. ತೊಳೆದು, ರೆಕ್ಕೆ ಬಿಡಿಸಿ, ಸ್ಲೈಡ್ ಮೇಲೆ ಕೂರಿಸಿ. ಅವಸರ ಮಾಡಿದರೆ ರೋಮ ಮುರಿಯುತ್ತದೆ. ಇಡೀ ಕೆಲಸ ನಿಂತಿರುವುದೇ ರೋಮಗಳ ಮೇಲೆ.

ಮೈಕ್ರೋಸ್ಕೋಪಿನಲ್ಲಿ ಕುಡಿಮೀಸೆಯ ಖಂಡ ಎಣಿಸಿ. ಪಾಮಿ, ಟಬಾಸಿ ಎರಡಕ್ಕೂ 7. ಎಂಟಿದ್ದು, ಹೊಟ್ಟೆಯ ಮೇಲ್ಭಾಗದಲ್ಲಿ ಕಂದು ಪಟ್ಟೆ, ಪಕ್ಕದಲ್ಲಿ ಒತ್ತೊತ್ತಾಗಿ ನವಿರು ರೋಮದ ಸಾಲುಗಳಿದ್ದರೆ ಅದು ಮೆಣಸಿನಕಾಯಿಯ ಸಿರ್ಟೋಥ್ರಿಪ್ಸ್ ಡಾರ್ಸಾಲಿಸ್. ಎಂಟಿದ್ದು, ಕತ್ತಿನ ತಟ್ಟೆಯ ಮುಂದೆ ಹಿಂದೆ ಎರಡೂ ಕಡೆ ಉದ್ದ ರೋಮಗಳಿದ್ದರೆ ಅದು ಫ್ರಾಂಕ್ಲಿನಿಯೆಲ್ಲಾ ಕುಲದ ಥ್ರಿಪ್ಸ್.

ಏಳರ ಗುಂಪಿನಲ್ಲೇ ತಲೆನೋವು. ಪುಟ್ಟ ಕಣ್ಣುಗಳ ಬಳಿಯ ಜೋಡಿ ರೋಮ ಪಾಮಿಯಲ್ಲಿ ತ್ರಿಕೋನದ ಹೊರಗೆ, ಟಬಾಸಿಯಲ್ಲಿ ಒಳಗೆ. ಮುಂದಿನ ರೆಕ್ಕೆಯ ಮೊದಲ ನರದ ತುದಿಯರ್ಧದಲ್ಲಿ ಪಾಮಿಗೆ ಬಹುತೇಕ 3 ರೋಮ. ಟಬಾಸಿಗೆ ಸಾಮಾನ್ಯವಾಗಿ 4, ಆದರೆ ಈ ಲೆಕ್ಕ ಏರುಪೇರಾಗುತ್ತದೆ, ಕೆಲವೊಮ್ಮೆ ಒಂದೇ ಹುಳುವಿನ ಎಡ ಬಲ ರೆಕ್ಕೆಗಳಲ್ಲೂ. ನನ್ನ ಮಟ್ಟಿಗೆ ನೆಚ್ಚಬಹುದಾದ ಗುರುತು ಹೊಟ್ಟೆಯ ಪಕ್ಕದ ತಟ್ಟೆಗಳು: ಅಲ್ಲಿ ಸಾಲುಸಾಲು ಸೂಕ್ಷ್ಮ ರೋಮಗಳಿದ್ದರೆ ಟಬಾಸಿ, ಇಲ್ಲದಿದ್ದರೆ ಪಾಮಿ.

2021ರಲ್ಲಿ ಮೆಣಸಿನಕಾಯಿ ಹೂವು ಉದುರಿಸಿದ ‘ಕಪ್ಪು ಥ್ರಿಪ್ಸ್’ ಎನ್ನುವ ಥ್ರಿಪ್ಸ್ ಪಾರ್ವಿಸ್ಪೈನಸ್‌ಗೂ ಖಂಡ 7. ಹೆಣ್ಣಿಗೆ ಕಂದು ಮೈ, ಬುಡ ಮಾತ್ರ ತಿಳಿಯಾದ ಕಡು ರೆಕ್ಕೆ, ಮೊದಲ ನರದ ಉದ್ದಕ್ಕೂ ಬಿಡದ ರೋಮದ ಸಾಲು. ಆದರೆ ಅದರ ಗಂಡು ಹಳದಿ!

ಮೈಕ್ರೋಸ್ಕೋಪ್ ಇಲ್ಲದವರು ಸೀಸೆಯನ್ನು ತುಮಕೂರು ಕಡೆಯಾದರೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ವಿಚಾರಿಸಬಹುದು. ಅಂಟು ಕಾರ್ಡಿಗೆ ಮೆತ್ತಿಕೊಂಡ ಹುಳು ಒಯ್ಯಬೇಡಿ. ಬಿಡಿಸುವಷ್ಟರಲ್ಲಿ ಎಣಿಸಬೇಕಾದ ರೋಮಗಳೇ ಕಿತ್ತುಹೋಗಿರುತ್ತವೆ.