ಮಾಲ್ಡೀವ್ಸ್‌ನಲ್ಲಿ ಪಾಠ ಮಾಡಿ ಊರಿಗೆ ಬಂದ ಮೇಲೆ: ನನ್ನ ಅನುಭವ

ಮಾಲ್ಡೀವ್ಸ್‌ನ ದ್ವೀಪದ ಶಾಲೆಗಳಲ್ಲಿ ಹಲವು ವರ್ಷ ಗಣಿತ ಪಾಠ ಮಾಡಿ, ಕುಂದಾಪುರದ ಹತ್ತಿರದ ನಮ್ಮ ಮನೆಗೆ ಖಾಯಂ ಆಗಿ ವಾಪಸ್ ಬಂದೆ. ಹೋಗುವಾಗ ಯಾವ ಸರ್ಟಿಫಿಕೇಟ್ ಬೇಕು, ಯಾವ ಉಪ್ಪಿನಕಾಯಿ ಕಟ್ಟಿಕೊಳ್ಳಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದರು. ಬರುವುದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಸ್ವಂತ ಮನೆಗೆ ತಾನೇ ಹೋಗುವುದು, ಅದರಲ್ಲಿ ಕಲಿಯಲಿಕ್ಕೆ ಏನಿದೆ ಅಂತ ಎಲ್ಲರ ಲೆಕ್ಕ. ಕಲಿಯುವುದು ಬಹಳ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಾಪಸಾಗುವ ಯೋಚನೆ ಗಟ್ಟಿಯಾಗಿದ್ದು ಕೊರೋನಾ ಕಾಲದಲ್ಲಿ. 2020ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್ಎಸ್ ಜಲಾಶ್ವ ಹಡಗು ರಾಜಧಾನಿ ಮಾಲೆಯಿಂದ ಭಾರತೀಯರನ್ನು ಕೊಚ್ಚಿಗೆ ಕರೆತಂದಿತಲ್ಲ, ನಾನು ಅದರಲ್ಲಿ ಬರಲಿಲ್ಲ. ಕೆಲಸ ಇತ್ತು, ಕಾಂಟ್ರಾಕ್ಟ್ ಇತ್ತು, ಮನೆಯ ಸಾಲದ ಕಂತೂ ಇತ್ತು. ಆದರೆ ವಿಮಾನ ನಿಂತುಹೋದ ಆ ದಿನಗಳಲ್ಲಿ, ಸುತ್ತ ನೀರು, ನಡುವೆ ಕಾಲ್ನಡಿಗೆಯಲ್ಲೇ ಸುತ್ತಿ ಮುಗಿಸಬಹುದಾದಷ್ಟು ಜಾಗ, ಅತ್ತೆಗೆ ಜ್ವರ ಬಂದರೂ ಫೋನಿನಲ್ಲೇ ಕೇಳಬೇಕು ಅನ್ನುವಾಗ, ಇನ್ನು ಸಾಲ ತೀರಿದ ಕೂಡಲೇ ಹೊರಡುವುದು ಅಂತ ನಿಶ್ಚಯ ಮಾಡಿದೆ. ಹಾಗೇ ಮಾಡಿದೆ.

ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ ಕಥೆಯೇ ಬೇರೆ. ಬಂದ ದಿನ ನೀರುದೋಸೆ, ಕೋಳಿ ಸಾರು. ನೆಂಟರೆಲ್ಲ ಬಂದು ಹೋಗುತ್ತಾರೆ, ಚಾಕಲೇಟು, ಟ್ಯೂನಾ ಡಬ್ಬಿ ಹಂಚಿ ಆಗುತ್ತದೆ, ಮಗಳು ಬಿಟ್ಟಿರುವುದೇ ಇಲ್ಲ. ಖಾಯಂ ಆಗಿ ಬಂದ ಮೇಲೂ ಮೊದಲಿಗೆ ಅದೇ ಮುಂದುವರಿಯಿತು. ತಟ್ಟೆ ತೊಳೆಯಲು ಎದ್ದರೆ ಅತ್ತೆ "ಇಪ್ಪುದೇ ನಾಕ್ ದಿನ, ಸುಮ್ನೆ ಕೂಕೋ ಮಾರಾಯ್ತಿ" ಅನ್ನುತ್ತಿದ್ದರು. ನಾನು ಇನ್ನು ಹೋಗುವುದಿಲ್ಲ ಅಂತ ಅವರಿಗೆ ಗೊತ್ತು, ಆದರೂ ಬಾಯಿಗೆ ಆ ಮಾತೇ ರೂಢಿ. ದಾರಿಯಲ್ಲಿ ಸಿಕ್ಕವರೂ ಅಷ್ಟೇ, "ಬಂದದ್ ಯಾವಾಗ, ಹೋಪುದ್ ಯಾವಾಗ?" ಒಂದೇ ಉಸಿರಿನಲ್ಲಿ ಎರಡೂ ಪ್ರಶ್ನೆ. ಹೊರಗಿದ್ದು ಬಂದವರಿಗೆ ನಿಜವಾದ ಕಷ್ಟ ಇದೇ ಅಂತ ನನಗೆ ಅನ್ನಿಸಿದ್ದು. ನಾವಿಲ್ಲದೆಯೂ ಮನೆ ಚೆನ್ನಾಗಿ ನಡೆಯುವುದನ್ನು ಕಲಿತಿರುತ್ತದೆ, ಹಾಗೆ ನಡೆಸಿದವರಿಗೆ ನಾವು ಕೃತಜ್ಞರಾಗಿಯೂ ಇರಬೇಕು. ನೆಂಟಸ್ತಿಕೆಯಿಂದ ಹೊರಗೆ ಬರುವ ಕೆಲಸ ಮಾತ್ರ ನಮ್ಮದೇ. ಬೇರೆಯವರು ಮಾಡಿಕೊಡುವುದಿಲ್ಲ.

ನಾನು ಹಿಡಿದ ದಾರಿ ಸರಳ. ಅಡುಗೆಮನೆಗೆ ಕೈ ಹಾಕಲಿಲ್ಲ. ಅಲ್ಲಿ ಡಬ್ಬಿಗಳು ಯಾವ ಸಾಲಿನಲ್ಲಿ ಇರಬೇಕು ಅನ್ನುವುದರಿಂದ ಹಿಡಿದು ಎಲ್ಲವೂ ಅತ್ತೆಯದು. ಅದರ ಬದಲು ಬಚ್ಚಲಿನ ಹಂಡೆ ಒಲೆಯನ್ನು ಕೇಳಿ ತೆಗೆದುಕೊಂಡೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೀರು ಕಾಯಿಸುವುದು. ಬೇಸಿಗೆಯಲ್ಲಿ ಅದೊಂದು ಕೆಲಸವೇ ಅಲ್ಲ, ಆದರೆ ನಮ್ಮ ಕಡೆ ಜುಲೈ ಮಳೆಯಲ್ಲಿ ಒಲೆ ಹೊತ್ತಿಸಿ ನೋಡಿ. ತೆಂಗಿನ ಸಿಪ್ಪೆ ಮೇಲಿಂದ ಒಣಗಿದಂತೆ ಕಂಡರೂ ಒಳಗೆ ನಾರು ನೀರು ಕುಡಿದಿರುತ್ತದೆ, ಬರೀ ಹೊಗೆ. ಅಟ್ಟದ ಮೇಲಿಟ್ಟ ಒಣ ಮಡಲಿನ ಗರಿ ಮೊದಲು, ಅದು ಹತ್ತಿಕೊಂಡ ಮೇಲೆ ಎರಡು ಗರಟೆ ಬೋರಲಾಗಿ, ಗರಟೆ ಎಣ್ಣೆ ಬಿಟ್ಟು ಉರಿಯಲು ಶುರು ಮಾಡಿದ ಮೇಲೆ ಪಕ್ಕದಲ್ಲಿ ಹಸಿ ಸಿಪ್ಪೆ ಇಟ್ಟು ಬೆಚ್ಚಗಾಗಲು ಬಿಡಬೇಕು, ನಾಳೆಗೆ ಅದು ಆಗುತ್ತದೆ. ಇದನ್ನು ಅತ್ತೆಯೇ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಹಾಗೆ ಕೂತಾಗಲೇ ನಾನಿಲ್ಲದ ವರ್ಷಗಳ ಸುದ್ದಿ ಒಂದೊಂದಾಗಿ ಬಂತು. ಯಾರ ಮನೆಯಲ್ಲಿ ಏನಾಯಿತು, ನನ್ನ ಮಗಳು ಯಾವ ರಾತ್ರಿ ಎದ್ದು ಅತ್ತಳು, ಫೋನಿನಲ್ಲಿ ನನಗೆ ಯಾವುದನ್ನು ಹೇಳದೆ ಮುಚ್ಚಿಟ್ಟಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವರು ತಾವಾಗಿಯೇ "ನಾಳಿನ ದೋಸೆಗೆ ಅಕ್ಕಿ ನೀನೇ ನೆನೆಹಾಕು" ಅಂದರು. ನನಗೆ ಆಗಿದ್ದ ಖುಷಿ ಅಷ್ಟಿಷ್ಟಲ್ಲ.

ಮಗಳ ವಿಷಯ ಇದಕ್ಕಿಂತ ನಿಧಾನ. ಅವಳು ಆಗ ಒಂಬತ್ತನೇ ತರಗತಿ. ಏನೇ ಆದರೂ ಮೊದಲು ಅಪ್ಪನ ಹತ್ತಿರ, ಆಮೇಲೆ ಅಜ್ಜಿಯ ಹತ್ತಿರ. ನಾನು ಸಂಜೆ ಫೋನಿನಲ್ಲಿ ಬರುವ ಅಮ್ಮ. ಗಣಿತದ ಟೀಚರಲ್ವಾ, ಅವಳ ಪುಸ್ತಕ ತೆಗೆದು ಪರೀಕ್ಷೆ ಮಾಡಬೇಕು ಅಂತ ಕೈ ತುರಿಸುತ್ತಿತ್ತು, ಮಾಡಲಿಲ್ಲ. ಬೆಳಿಗ್ಗೆ ಬಸ್ ಸ್ಟಾಪಿನವರೆಗೆ ಸ್ಕೂಟರಿನಲ್ಲಿ ಬಿಡುವುದಷ್ಟೇ ನನ್ನ ಕೆಲಸ ಅಂತ ಇಟ್ಟುಕೊಂಡೆ. ಸ್ಕೂಟರಿನಲ್ಲಿ ಮುಖ ನೋಡಿ ಮಾತಾಡಬೇಕಾಗಿಲ್ಲ, ಆ ವಯಸ್ಸಿನ ಮಕ್ಕಳಿಗೆ ಅದು ಸುಲಭ. ಬಸ್ ತಡವಾದ ದಿನಗಳಲ್ಲಿ ಜಾಸ್ತಿ ಮಾತಾಡುತ್ತಿದ್ದಳು. ಹೊರಗಿನಿಂದ ಬರುವ ತಾಯಂದಿರಿಗೆ ನಾನು ಹೇಳುವುದು ಇಷ್ಟೇ: ಮಕ್ಕಳಿಗೆ ಪಾಠ ಹೇಳಲು ಹೋಗಬೇಡಿ, ದಿನಾ ಒಂದೇ ಹೊತ್ತಿಗೆ ಜೊತೆಗಿರುವ ಒಂದು ಕೆಲಸ ಹುಡುಕಿ.

ಅಂದ ಹಾಗೆ ಸ್ಕೂಟರ್ ಅಂದೆನಲ್ಲ, ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಬರೀ ನವೀಕರಣಕ್ಕೆ ಆಗುವುದಿಲ್ಲ, ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ರಜೆಗೆ ಬಂದಾಗಲೇ ದಿನಾಂಕ ನೋಡಿಕೊಂಡು ಮಾಡಿಸಿಟ್ಟಿದ್ದರಿಂದ ನನಗೆ ತೊಂದರೆಯಾಗಲಿಲ್ಲ.

ದುಡ್ಡಿನ ವಿಷಯವನ್ನು ನಾವು ಗಂಡ ಹೆಂಡತಿ ಮೊದಲ ವಾರವೇ ಕೂತು ಬರೆದುಕೊಂಡೆವು. ಸಂಬಳ ಅಲ್ಲಿಯ ಹಣವಾದ ರುಫಿಯಾದಲ್ಲಿ ಬರುತ್ತಿತ್ತು. ಅಲ್ಲಿ ಒಂದು ಡಾಲರಿಗೆ ಅಧಿಕೃತ ದರ 15.42 ರುಫಿಯಾ, ಆದರೆ ಆ ದರಕ್ಕೆ ಡಾಲರ್ ಸಿಗುವುದೇ ಕಷ್ಟ. ಹಾಗಾಗಿ ಹೊರಡುವ ಕಡೇ ತಿಂಗಳಿಗೆ ಅಂತ ಕಾಯದೆ ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಕಳಿಸುತ್ತಾ ಬಂದಿದ್ದೆ. ಇಲ್ಲಿ ಬಂದ ಮೇಲೆ, ಅನಿವಾಸಿಯಾಗಿದ್ದಾಗ ಹೊರಗಿನ ಸಂಪಾದನೆ ಇಡುವ ಎನ್ಆರ್‌ಇ ಖಾತೆಯನ್ನು ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ, ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಯಾಗಿ ಬದಲಾಯಿಸಬೇಕು, ವಿದೇಶಿ ಹಣವಾಗಿಯೇ ಇಡಬೇಕಿದ್ದರೆ ಆರ್‌ಎಫ್‌ಸಿ ಖಾತೆ ಇದೆ. ಆದಾಯ ತೆರಿಗೆಯಲ್ಲಿ ಇನ್ನೊಂದು ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರದಿದ್ದರೆ, 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಅಂತ ಲೆಕ್ಕಕ್ಕೆ ಬರುತ್ತೀರಿ. ಆ ಅವಧಿಯಲ್ಲಿ ಹೊರಗಿನ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆಗಳನ್ನು ಇಟ್ಟುಕೊಂಡು ದಿನ ಎಣಿಸಿ, ಒಬ್ಬ ಸಿಎ ಹತ್ತಿರ ತೋರಿಸಿ.

ಇನ್ನು ಸಾಲ ಕೇಳುವವರು. ಬರುತ್ತಾರೆ, ಅದು ಇರುವುದೇ. ಕೊಡಲು ಆಗುವ ಮೊತ್ತ ಇಷ್ಟು, ಅದಕ್ಕಿಂತ ಮೇಲೆ ಯಾರಿಗೂ ಇಲ್ಲ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ನನ್ನ ಗಂಡ ಹೇಳುವ ಉತ್ತರ, ನಾನು ಹೇಳುವ ಉತ್ತರ ಒಂದೇ ಆದಾಗ ಬೇಸರವೂ ಉಳಿಯಲಿಲ್ಲ.

ಜಮೀನಿನ ಪಹಣಿ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾವಣೆ, ಮಾಡಿಸಲು ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಎಲ್ಲ ಜೋಡಿಸಿ ಓಡಾಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಕಚೇರಿಯ ಬೆಂಚಿನ ಮೇಲೆ ಕಾದು ಕೂತಾಗ ಊರಿನ ಅರ್ಧ ಜನರ ಪರಿಚಯ ಮತ್ತೆ ಆಯಿತು. ಹೋಪುದ್ ಯಾವಾಗ ಅಂತ ಕೇಳುವುದು ನಿಂತದ್ದು ಅದರ ನಂತರವೇ.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ. ಹತ್ತಿರದ ಒಂದು ಖಾಸಗಿ ಹೈಸ್ಕೂಲಿಗೆ ಸೇರಿದೆ. ಸಂಬಳ ಅಲ್ಲಿಯದರ ಕಾಲು ಭಾಗವೂ ಇಲ್ಲ. ಇದನ್ನು ಮನಸ್ಸಿನಲ್ಲಿ ದಿನಾ ಗುಣಾಕಾರ ಭಾಗಾಕಾರ ಮಾಡುತ್ತಾ ಕೂತರೆ ಇಲ್ಲಿ ಉಳಿಯಲು ಆಗುವುದಿಲ್ಲ. ಸಾಲ ತೀರಿಸಿಯೇ ಬಂದದ್ದು ಆ ಕಾರಣಕ್ಕೆ. ಪಾಠವೂ ಬೇರೆ ರೀತಿ. ಅಲ್ಲಿ ಮಕ್ಕಳು ಕೇಂಬ್ರಿಜ್ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಓದುವವರು, ಇಲ್ಲಿ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ, 80 ಅಂಕ ಬರೆಯುವ ಪರೀಕ್ಷೆಗೆ, 20 ಆಂತರಿಕ. 2024ರಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು, ಆದ್ದರಿಂದ ಫಲಿತಾಂಶದ ಒತ್ತಡ ಎಷ್ಟು ಅಂತ ಊಹಿಸಿಕೊಳ್ಳಿ. ಬೇಸಿಗೆ ರಜೆಯಲ್ಲಿ ಹತ್ತನೇ ತರಗತಿಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಬಿಡಿಸಿದೆ, ಒಂದು ಲೆಕ್ಕವನ್ನೂ ಬಿಡದೆ. ಸಮಾಂತರ ಶ್ರೇಢಿ ಬಾಯಿಗೆ ಸಲೀಸಾಗಿ ಬರುವವರೆಗೆ ಬಚ್ಚಲಿನ ಒಲೆಯ ಮುಂದೆಯೇ ಗಟ್ಟಿಯಾಗಿ ಪಾಠ ಹೇಳಿಕೊಂಡೆ.

ವಾರದ ಲೆಕ್ಕಕ್ಕೆ ಮೈ ಒಗ್ಗಲು ಮಾತ್ರ ಸಮಯ ಬೇಕಾಯಿತು. ಅಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ಶಾಲೆ. ಇಲ್ಲಿ ಭಾನುವಾರ ಬೆಳಿಗ್ಗೆ ಎಚ್ಚರವಾದ ಕೂಡಲೇ ಸೀರೆ ಇಸ್ತ್ರಿ ಮಾಡಬೇಕು ಅನ್ನಿಸುತ್ತಿತ್ತು.

ಅಲ್ಲಿಯ ನೆನಪು ಬಾಧಿಸುವುದಿಲ್ಲವಾ ಅಂತ ಕೇಳುತ್ತಾರೆ. ಬಾಧಿಸುತ್ತದೆ. ಅದನ್ನು ಮನೆಯಲ್ಲಿ ಬಚ್ಚಿಡುವುದಿಲ್ಲ. ಆ ಮಕ್ಕಳು ಗಣಿತವನ್ನು ಎಡದಿಂದ ಬರೆದು, ಮುಂದಿನ ಪೀರಿಯಡ್‌ನಲ್ಲಿ ಅಲ್ಲಿಯ ಭಾಷೆ ಧಿವೇಹಿಯನ್ನು ಬಲದಿಂದ ಬರೆಯುವುದನ್ನು ನೋಡಲು ನನಗೆ ಎಷ್ಟು ಇಷ್ಟವಾಗಿತ್ತು! ಸಂಜೆ ಬಂದರಿನ ಹತ್ತಿರ ಹಗ್ಗ ಹೆಣೆದ ಜೋಲಿ ಕುರ್ಚಿಗಳಲ್ಲಿ ಕೂತ ಹೆಂಗಸರು ಕರೆದು ಜಾಗ ಕೊಡುತ್ತಿದ್ದರು, ಭಾಷೆ ಅರ್ಧಂಬರ್ಧ ಬರುತ್ತಿದ್ದರೂ ಹೊತ್ತು ಹೋಗುತ್ತಿತ್ತು. ಈಗ ಆಗಾಗ ಮಸ್ ಹುನಿ ಮಾಡುತ್ತೇನೆ. ಟ್ಯೂನಾ, ಕಾಯಿತುರಿ, ಈರುಳ್ಳಿ, ಹಸಿಮೆಣಸು, ನಿಂಬೆ, ಎಲ್ಲ ಕೈಯಲ್ಲೇ ಹಿಸುಕಿ ಕಲಸಿದರೆ ಆಯಿತು, ಜೊತೆಗೆ ರೊಟ್ಟಿ. ತೆಂಗು ಮೀನು ಎರಡೂ ಇರುವ ನಮ್ಮ ಮನೆಗೆ ಅದು ಚೆನ್ನಾಗಿ ಹೊಂದಿಕೊಂಡಿತು. ಅತ್ತೆ ಅದಕ್ಕೆ ಸ್ವಲ್ಪ ಕೊತ್ತಂಬರಿ ಸೊಪ್ಪು ಸೇರಿಸಬೇಕು ಅನ್ನುತ್ತಾರೆ, ಈಗ ಸೇರಿಸಿಯೇ ಮಾಡುವುದು.

ಬರುವ ಯೋಚನೆಯಲ್ಲಿರುವ ಟೀಚರುಗಳು ಗಮನಿಸಿ. ಅನುಭವದ ಪತ್ರವನ್ನು ಶಾಲೆಯ ಮುದ್ರೆ, ಸಹಿ, ಪಾಠ ಮಾಡಿದ ವಿಷಯ ಮತ್ತು ತರಗತಿ ಎಲ್ಲ ಸೇರಿಸಿ ಅಲ್ಲಿರುವಾಗಲೇ ಕೈಗೆ ತೆಗೆದುಕೊಳ್ಳಿ, ಬಂದ ಮೇಲೆ ಮೇಲ್ ಮಾಡಿ ತರಿಸುವುದು ಬಹಳ ರಗಳೆ. ಸಾಧ್ಯವಾದರೆ ಮಾರ್ಚ್ ಹೊತ್ತಿಗೆ ಬನ್ನಿ. ನಮ್ಮ ಕಡೆ ಖಾಸಗಿ ಶಾಲೆಗಳು ಜೂನ್‌ಗೆ ಬೇಕಾದ ಟೀಚರುಗಳನ್ನು ಏಪ್ರಿಲ್, ಮೇ ತಿಂಗಳಲ್ಲೇ ನೋಡಿಕೊಳ್ಳುತ್ತವೆ, ಮಳೆ ಹಿಡಿಯುವ ಮೊದಲು ಕಚೇರಿ ಓಡಾಟವೂ ಹೆಚ್ಚುಕಡಿಮೆ ಮುಗಿದಿರುತ್ತದೆ.